ಮಾವನ ಕೈಯ ಗ್ರಾಫ್

ಮಾರ್ಚ್ 4
ಇವತ್ತೂ ಮಾವನ ಶಾಟ್‌ಗಳೇ. ಸ್ಟುಡಿಯೋದ ಕ್ಯಾಮೆರಾಮನ್ ನನ್ನ ಸೋದರಮಾವ. ನನ್ನನ್ನು ಇಲ್ಲಿ ಎಡಿಟಿಂಗ್‌ಗೆ ಸೇರಿಸಿದವರೂ ಅವರೇ. ಕುಣಿಯುವ ಹುಡುಗಿಯ ಹಿಂದೆ ಗೋಡೆ ಗಡಿಯಾರ. ಅದರ ಮೇಲೆ ಅಲುಗಾಟ ಅಳೆಯುವ ಟ್ರ್ಯಾಕಿಂಗ್ ಚುಕ್ಕಿ ಇಟ್ಟೆ. ಗೋಡೆ ಅಲುಗುವುದಿಲ್ಲ; ಅಲುಗಿದ್ದೆಲ್ಲ ಮಾವನ ಕೈ. ಗ್ರಾಫ್ ಗರಗಸದ ಹಲ್ಲಿನಂತೆ. ಹೋದ ತಿಂಗಳು ಇಷ್ಟಿರಲಿಲ್ಲ.
ಆ ಅಲುಗಾಟವನ್ನೇ ಉಲ್ಟಾ ಮಾಡಿ ಚಿತ್ರಕ್ಕೆ ಹಾಕಿದರೆ ನಡುಕ ಮಾಯ. ಆದರೆ ಅಂಚಿನಲ್ಲಿ ಕಪ್ಪು ಇಣುಕುತ್ತದೆ. ಮುಚ್ಚಲು ಒಂದು ನಿಧಾನದ ಜೂಮ್ — ಶುರುವಿಗೊಂದು ಕೀಫ್ರೇಮ್ ಗುರುತು, ಕೊನೆಗೊಂದು. ಕಾಲೇಜಿನಲ್ಲಿ ನಾನು ಸಾಹಿತ್ಯ ಓದಿದ್ದು ಇದಕ್ಕೇ ಇರಬೇಕು.

ಮಾರ್ಚ್ 5
ಓನರ್ ನೋಡಿದರು. "ಟ್ರೈಪಾಡ್ ಇಲ್ದೆ ಎಂಥ ಜೂಮ್! ಬೆಣ್ಣೆ! ನಿಮ್ಮ ಮಾವನ್ನ ನೋಡಿ ಕಲಿಯಮ್ಮ."
"ಹ್ಞೂಂ ಸಾರ್."
ಬಾಗಿಲಲ್ಲಿ ಮಾವ ಹಿಗ್ಗಿ ಹೀರೇಕಾಯಿ. ಆ ಜೂಮ್ ತಮ್ಮದಲ್ಲ ಅಂತ ಅವರಿಗೇ ಗೊತ್ತಿಲ್ಲವೇ?

ಮಾರ್ಚ್ 9, ಮಧ್ಯಾಹ್ನ
ಶನಿವಾರ ಮಕ್ಕಳ ನೃತ್ಯ ಸ್ಪರ್ಧೆ — ಲೈವ್. ಕ್ಯಾಮೆರಾ ಮಾವನದು. ಲೈವ್ ಅಂದರೆ ನಡುವೆ ತಿದ್ದಲು ನಾನಿಲ್ಲ. ಊರೆಲ್ಲ ನೋಡುತ್ತದೆ. ಆಮೇಲೆ ಅವರನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ? ಹೇಳಲೇಬೇಕು…

ಸಂಜೆ
ಹೇಳುವ ಬದಲು ಮಾವನನ್ನು ಕೂರಿಸಿ ಎರಡೂ ಕ್ಲಿಪ್ ಅಕ್ಕಪಕ್ಕ ಹಾಕಿದೆ — ಅವರು ತೆಗೆದದ್ದು, ನಾನು ತಿದ್ದಿದ್ದು.
"ಎಷ್ಟು ದಿನದಿಂದ ಇದು?"
"ನಾನು ಸೇರಿದಾಗಿನಿಂದ."
"ತಿದ್ದು ಅಂತ ನಿನ್ನ ಕೇಳಿದೋರು ಯಾರು? ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯಕ್ಕೆ ಬಂದ್ಲು!"
ಹೆಲ್ಮೆಟ್ ಮರೆತು ಹೊರಟುಹೋದರು.

ಮಾರ್ಚ್ 12
ಅತ್ತೆ ಫೋನ್. "ಏನೇ, ಮಾವನ್ ಹತ್ರ ಜಗಳ ಆಡಿದ್ಯಾ? ಟೀವಿ ಆರಿಸಿ ಅದನ್ನೇ ನೋಡ್ತಾ ಕೂತಿರ್ತಾರೆ."
ಹತ್ತು ಗಂಟೆಗೆ ಮಾವ ನೇರ ಓನರ್ ಟೇಬಲಿಗೆ. "ಲೈವ್ ನನ್ನಿಂದ ಆಗಲ್ಲ."
"ಏನ್ರೀ, ಮದುವೆ ಹೆಣ್ಣಿನ ಹಾಗೆ ನಾಚ್ಕೋತೀರಿ?"
ಮಾವ ಓನರ್‌ನ ಟೀ ಕಪ್ಪನ್ನು ಸಾಸರ್ ಸಮೇತ ಎತ್ತಿ ಹಿಡಿದರು. ಕಟಕಟಕಟ. ಟೇಬಲ್ ತುಂಬ ಟೀ.
ಓನರ್ ನಗು ನಿಂತಿತು. "ಮತ್ತೆ… ಆ ಜೂಮು?"
ಮಾವ ಗಲ್ಲ ಎತ್ತಿ ನನ್ನತ್ತ ತೋರಿಸಿದರು. ನಾನು ಎದ್ದು ಟೀ ಒರೆಸತೊಡಗಿದೆ.

ಮಾರ್ಚ್ 16
ಲೈವ್ ಬೇರೆಯವರು ಮಾಡಿದರು. ಮಾವನಿಗೆ ಇನ್ನು ಕ್ಯಾಮೆರಾ ಇಲ್ಲ. ಅವರಿಗೀಗ ನನ್ನ ಪಕ್ಕದ ಕುರ್ಚಿ. ಬಾಕಿ ಉಳಿದ ಶಾಟ್‌ಗಳೆಲ್ಲ ಅವರು ಹಿಂದೆ ತೆಗೆದವೇ. ಮೊದಲನೆಯದಕ್ಕೆ ಚುಕ್ಕಿ ಇಡಲು ಹೋದೆ.
"ತಾಳೇ. ಇದು ಕೈಯಲ್ಲ. ಆ ಪುಟಾಣಿ ಸ್ಟೇಜ್ ಮೇಲೆ ದಬಕ್ ಅಂತ ಬಿದ್ದು, ಎದ್ದು, ಏನೂ ಆಗ್ದಿರೋ ಹಾಗೆ ಕೈ ಮುಗೀತು ನೋಡು… ನಂಗೆ ನಗು ತಡೆಯಕ್ಕಾಗ್ಲಿಲ್ಲ. ಇಲ್ಲಿ ಅಲುಗಿದ್ದು ಹೊಟ್ಟೆ. ಇದನ್ನ ಹಾಗೇ ಬಿಡು."
ಬಿಟ್ಟೆ. ಮುಂದಿನದನ್ನು ಹಾಕಿದೆ.
ಮಾವ ಕನ್ನಡಕ ಒರೆಸಿ ನೋಡಿದರು. "ಇದು ಕೈ. ಸರಿಮಾಡು."
ಅದರ ಮುಂದಿನದೂ ಕೈ. ಅದರ ಮುಂದಿನದೂ—