ಉಣ್ಣುವವರನ್ನು ಎಬ್ಬಿಸಲಾರದ ತಪ್ಪು

ಗಣರಾಜ್ಯದ ೧೮೮ನೇ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆರಡನೇ ದಿನ

ನನಗಿಂತ ಸುಮಾರು ಇನ್ನೂರು ವರ್ಷ ಹಿಂದಿನ ಕಾಲದಲ್ಲಿ, ನಮ್ಮ ಗಣರಾಜ್ಯಕ್ಕೆ ಸಂವಿಧಾನ ಬರೆಯಲು ಇನ್ನೇನು ಕೂರಲಿರುವ ಹಿರಿಯರಿಗೆ, ಖಾನಾವಳಿಯ ಸಾತವ್ವನ ಶರಣು.

ತಾರೀಖು ನೋಡಿ ನಗಬೇಡಿ. ಹದಿಮೂರನೆಯ ತಿಂಗಳು, ಮೂವತ್ತೆರಡನೇ ದಿನ ಎರಡನ್ನೂ ನಮ್ಮ ಅಧ್ಯಕ್ಷರು ತಮ್ಮ ಅವಧಿ ಹಿಗ್ಗಲೆಂದೇ ಸೇರಿಸಿಕೊಂಡದ್ದು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಬಿಸಿಲೊಲೆಯ ಮುಂದೆ, ಅಂದರೆ ಬಿಸಿಲನ್ನೇ ಕೂಡಿಟ್ಟು ಉರಿಯುವ ಒಲೆಯ ಮುಂದೆ, ರೊಟ್ಟಿ ಬಡಿದು ಬದುಕಿದವಳು ನಾನು.

ಅಧ್ಯಕ್ಷರಾದವರಿಗೆ ಎರಡು ಅವಧಿ, ಒಟ್ಟು ಹತ್ತು ವರ್ಷ, ಅಷ್ಟೇ ಎಂದು ನೀವು ಬರೆಯುತ್ತೀರಿ. ಬಲು ಚೆಂದ. ಆದರೆ ಮುಂದಿನ ಸಾಲಿನಲ್ಲೇ 'ಎಬ್ಬಿಸುವವರು' ಎಂಬ ಹುದ್ದೆ ಇಡುತ್ತೀರಿ. ಅವಧಿಯ ಕೊನೆಯ ದಿನ, ಚೀಟಿ ಎತ್ತಿ ಆರಿಸಿದ ಒಬ್ಬ ಸಾಮಾನ್ಯ ಪ್ರಜೆ ಅಧ್ಯಕ್ಷರ ಭವನಕ್ಕೆ ಹೋಗಿ, ಮಧ್ಯಾಹ್ನದ ಗಂಟೆ ನಿಲ್ಲುವುದರೊಳಗೆ "ನಿಮ್ಮ ಅವಧಿ ಮುಗಿಯಿತು, ಏಳಿ" ಎನ್ನಬೇಕು. ಅನ್ನದಿದ್ದರೆ ಪ್ರಜೆಗಳ ಒಪ್ಪಿಗೆಯಿದೆ ಎಂದೇ ಅರ್ಥ; ಅವರು ಮುಂದುವರಿಯಬಹುದು. ಅಷ್ಟು ಹೇಳದೆ ಯಾರು ತಾನೇ ಇರುತ್ತಾರೆ ಎಂದುಕೊಳ್ಳುತ್ತೀರಿ. ನಮ್ಮ ಅಧ್ಯಕ್ಷರ ಹತ್ತು ವರ್ಷ ತುಂಬಿದಾಗ ಚೀಟಿಯಲ್ಲಿ ನನ್ನ ಹೆಸರು ಬಂತು.

ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ಉಟ್ಟು ಹೋದೆ. ಅಧ್ಯಕ್ಷರು ಬೇಕಂತಲೇ ಆ ಹೊತ್ತಿಗೆ ಊಟಕ್ಕೆ ಕೂತಿದ್ದರು. "ಬಾ ಯವ್ವಾ, ಕುಂದರು. ಎರಡ ತುತ್ತು ಉಂಡು ಎದ್ದ ಬಿಡ್ತೇನಿ" ಎಂದರು. ಕೂತೆ. ಗಂಟೆ ಬಾರಿಸತೊಡಗಿತು. ನಲವತ್ತು ವರ್ಷ ಖಾನಾವಳಿ ನಡೆಸಿದ ನನ್ನ ಬಾಯಿಗೆ, ಉಣ್ಣುವವರನ್ನು ಏಳಿ ಎನ್ನುವ ಮಾತು ಬರಲೇ ಇಲ್ಲ. ಅಷ್ಟೇ ಆಗಿದ್ದರೆ ಸೈ. ಹೇಳಲು ನಾಚಿಕೆಯಾಗುತ್ತದೆ, ತಟ್ಟೆಯಲ್ಲಿ ಪಲ್ಯ ಖಾಲಿಯಾದದ್ದು ಕಂಡು ನಾನೇ ಎದ್ದು ಬಡಿಸಿದೆ! ಗಂಟೆ ನಿಂತಿತು. ಅವರು ಕೈ ತೊಳೆದು, "ಚಲೋ ಬಡಿಸಿದ್ಯವ್ವಾ" ಎಂದು ನಕ್ಕರು.

ಅದಾಗಿ ಹನ್ನೊಂದು ವರ್ಷ. ಎಬ್ಬಿಸುವವರ ಹುದ್ದೆಯನ್ನು ಮರುವಾರವೇ ರದ್ದು ಮಾಡಿದರು. ಆಮೇಲೆ ನ್ಯಾಯಾಲಯಗಳ ಬಾಗಿಲು ಹಾಕಿದರು. ಇದು ತಪ್ಪೆಂದು ಬೀದಿಯಲ್ಲಿ ನಿಂತು ಕೂಗಿದ ನನ್ನ ಮಗಳು, ವಕೀಲೆ ಶಿವಲೀಲೆ, ಅಂದಿನಿಂದ ಜೈಲಿನಲ್ಲಿದ್ದಾಳೆ. ಊರವರು ನನ್ನನ್ನು ಬೈಯುವುದಿಲ್ಲ. "ನಾವಿದ್ರೂ ಹಂಗ ಮಾಡ್ತಿದ್ವಿ ಬಿಡವ್ವಾ" ಎನ್ನುತ್ತಾರೆ. ಬೈದಿದ್ದರೇ ಚೆನ್ನಾಗಿತ್ತು.

ಹಿರಿಯರೇ, ನಿಮ್ಮ ಕಾಲಿಗೆ ಬೀಳುತ್ತೇನೆ, ಆ ಸಾಲು ಹೊಡೆದುಹಾಕಿ. ಅವಧಿ ತಾನಾಗಿಯೇ ಮುಗಿಯಲಿ, ಯಾರ ಬಾಯಿಗೂ ಕಾಯದಿರಲಿ. ನನ್ನಂಥ ಮರ್ಯಾದಸ್ಥರನ್ನು ಮಾತ್ರ ನಂಬಬೇಡಿ.

ಪ್ರತಿ ಸೋಮವಾರ ಮಗಳನ್ನು ನೋಡಲು ಹೋಗುತ್ತೇನೆ. ಜೈಲಿನ ಕಾವಲಿನಾಕೆ ಒಳಗೆ ಹೋಗಿ ಬಂದು, ನನ್ನ ಮುಖ ನೋಡಲಾರದೆ, "ಆಕಿ ಬರೂದಿಲ್ಲಂತ್ರೀ ಯವ್ವಾ" ಎನ್ನುತ್ತಾಳೆ.