ಮಾವನವರು ನೋಡಿದ ಎರಡು ಮಳೆ

ರಬಕವಿ
ತಾ. ೯-೨-೧೯೫೪, ಮಂಗಳವಾರ

ಮುಂಬೈಯವರೇ ಆಗಿಬಿಟ್ಟಿರುವ ನಮ್ಮ ಮನೆಯವರಿಗೆ ರತ್ನಾಬಾಯಿಯ ನಮಸ್ಕಾರಗಳು.

ಮೈಯಲ್ಲಿ ಹೇಗಿದೆ? ಕೆಮ್ಮು ಪೂರ್ತಿ ಹೋಯಿತೇ? ಹೋಯಿತು ಎಂದು ಸುಮ್ಮನೆ ಬರೆಯಬೇಡಿರಿ. ನೀವು ಸುಳ್ಳು ಬರೆದಾಗ ಅಕ್ಷರ ಬಹಳ ದುಂಡಗೆ ಬರುತ್ತವೆ, ನನಗೆ ತಕ್ಷಣ ಗೊತ್ತಾಗುತ್ತದೆ. ಖಾನಾವಳಿಯವನು ಈಗಲಾದರೂ ಜೋಳದ ರೊಟ್ಟಿ ಮಾಡುತ್ತಾನೋ? ಶೇಂಗಾ ಚಟ್ನಿ ಕಳಿಸಿದ್ದೆ, ಮುಟ್ಟಿತೋ ಇಲ್ಲವೋ ಒಂದು ಮಾತಿಲ್ಲ. ಇಲ್ಲಿ ಅತ್ತೆಯವರ ಮೊಣಕಾಲು ನೋವು ಹಾಗೇ ಇದೆ. ಮಾವನವರು ಗಟ್ಟಿಯಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕಲ್ಲ, ಬರೆದೆ.

ನಿಮ್ಮ ಹೋದ ಪತ್ರ ಓದಿ ಬಂದ ಸಿಟ್ಟು ನನಗಿನ್ನೂ ಅರ್ಧ ಉಳಿದಿದೆ. ಮಿಲ್ಲಿನಲ್ಲಿ ಬಟ್ಟೆಯ ನಕ್ಷೆ ಬರೆಯುವ ಖಾತೆಯಲ್ಲಿ ನನ್ನನ್ನು ಕಾಯಂ ಮಾಡುತ್ತಾರೆ, ಯುಗಾದಿ ಆದ ಮೇಲೆ ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ, ಅಷ್ಟರೊಳಗೆ ನನ್ನ ಮಗ್ಗ ಬಿಚ್ಚಿ ಕಾಕಾನ ಮಗ ಮುರಗೆಪ್ಪನಿಗೆ ಕೊಟ್ಟುಬಿಡು ಎಂದು ಬರೆದಿರಿ. ಬಿಚ್ಚಿ ಎಂದು ಬರೆಯುವುದು ಎಷ್ಟು ಹಗುರ! ಅದನ್ನು ನಿಮ್ಮ ಅಪ್ಪನೆದುರು ಓದಿ ಹೇಳಬೇಕಾದವಳು ನಾನು. ಈ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ ಎಂಬುದು ನಿಮಗೆ ಮರೆತೇ ಹೋಯಿತೇ? ಮುಂಬೈ ನನಗೆ ಬೇಡವೆಂದಲ್ಲ. ನಿಮ್ಮ ಜೊತೆ ಇರಬೇಕೆಂದು ಜೀವ ಒದ್ದಾಡುತ್ತದೆ, ಇದನ್ನು ನಾಚಿಕೆ ಬಿಟ್ಟೇ ಬರೆಯುತ್ತಿದ್ದೇನೆ. ಆದರೆ ಅಪ್ಪ ಮಗ ಹದಿನಾಲ್ಕು ತಿಂಗಳಿಂದ ಮಾತು ಬಿಟ್ಟಿರುವಾಗ ಆ ಮಗ್ಗವೂ ಹೋದರೆ, ನೀವು ಈ ಮನೆಗೆ ಮತ್ತೆ ಬರಲು ಒಂದು ನೆಪವೂ ಉಳಿಯುವುದಿಲ್ಲ. ಅದೇ ನನ್ನ ಹೆದರಿಕೆ.

ಆ ಜಗಳ ನನಗೆ ಮೊನ್ನೆ ಆದ ಹಾಗಿದೆ. ಸೀರೆಯ ಅಂಚಿನಲ್ಲಿ ಅಜ್ಜನ ಕಾಲದ ಗೋಪುರದ ದಡಿ ತೆಗೆದು ನೀವು ಹೊಳೆಯ ಅಲೆಯ ದಡಿ ಹಾಕಿದಿರಿ. ಅರ್ಧ ಸೀರೆ ಆಗಿತ್ತು. "ನಮ್ಮಪ್ಪನ ದಡಿ ಕೆಡ್ಸಾಕ ನೀ ಯಾಂವಲೇ?" ಎಂದು ಮಾವನವರು ಮಗ್ಗದ ಮೇಲೆಯೇ ಅದಕ್ಕೆ ಕತ್ತರಿ ಹಾಕಿದರು. ಅಂದಿನಿಂದ ಅವರು ನಿಮ್ಮ ಹೆಸರೆತ್ತಿಲ್ಲ. ನಾನಂತೂ ಗಂಡನ ಹೆಸರು ಹೇಳುವ ಹಾಗಿಲ್ಲ. ಇನ್ನು ಅತ್ತೆಯವರು, ಅವರು ಅಳು ಬಂದಾಗ ಮಾತ್ರ ಹೇಳುತ್ತಾರೆ.

ಈಗ ಚಿತ್ರಗಳ ಸುದ್ದಿ. ಯಾವುದೋ ಮಾಸಿಕದಿಂದ ಎರಡು ಚಿತ್ರ ಕತ್ತರಿಸಿ, ಪತ್ರದಲ್ಲಿ "ಅಪ್ಪಗೆ ತೋರಿಸು" ಎಂದಷ್ಟೇ ಬರೆದು ಕಳಿಸಿದ್ದಿರಲ್ಲ, ಎರಡನ್ನೂ ಮಾವನವರ ಮುಂದಿಟ್ಟೆ. ಅವುಗಳ ಬೆನ್ನ ಮೇಲೆ ನೀವು ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನೂ ಓದಿ ಹೇಳಿದೆ. ಒಂದನೆಯದು ಜಪಾನಿನದು, ಕಟ್ಟಿಗೆಯ ಹಲಗೆ ಕೆತ್ತಿ, ಬಣ್ಣಕ್ಕೊಂದು ಹಲಗೆಯಂತೆ ಒತ್ತಿ ತೆಗೆದದ್ದು. ಎರಡನೆಯದು, ಎಷ್ಟೋ ವರ್ಷಗಳ ಮೇಲೆ ವಿಲಾಯತಿ ಚಿತ್ರಗಾರನೊಬ್ಬ ಅದನ್ನೇ ಎದುರಿಗಿಟ್ಟುಕೊಂಡು ಎಣ್ಣೆ ಬಣ್ಣದಲ್ಲಿ ಬರೆದದ್ದು. ಅದೇ ಸೇತುವೆ, ಅದೇ ಮಳೆ, ಛತ್ರಿಯ ಕೆಳಗೆ ಮುದುಡಿಕೊಂಡು ಓಡುವ ಅದೇ ಜನ. ಮಾವನವರು ಎಳೆ ಎಣಿಸುವ ಗಾಜು ತಂದು ಮೊದಲನೆಯದರ ಮೇಲೆ ಇಟ್ಟರು. "ಮಳಿ ನೋಡ ರತ್ನವ್ವ, ಮಗ್ಗಕ್ಕ ಹಾಸ ಕಟ್ಟಿದಂಗ ಐತಿ, ಒಂದ ಎಳಿ ಹರದಿಲ್ಲ. ಕಟಗ್ಯಾಗ ಇಷ್ಟ ಸಣ್ಣ ಗೆರಿ! ಇಂವಾ ನಮ್ಮಂವ" ಅಂದರು. ಎರಡನೆಯದನ್ನು ನೋಡಿ ಮೂಗು ಮುರಿದರು. "ಇದ ಮಳಿನೋ, ಜ್ವಾಳದ ದಂಟೋ? ನೀರ ಹಸರ, ಸೇತುವಿ ಹಳದಿ. ಒಬ್ಬಾಂವ ಮಾಡಿದ್ದನ್ನ ಮತ್ತೊಬ್ಬಾಂವ ಕೆಡ್ಸೋದು ಎಲ್ಲಾ ಕಡೆ ಐತಿ ಅನ್ನು!" ಯಾರಿಗೆ ಅಂದರೆಂದು ನನಗೆ ತಿಳಿಯದೆ ಏನು. ಎರಡನೆಯ ಚಿತ್ರದ ಸುತ್ತ ಹಸಿರು ಅಂಚಿನಲ್ಲಿ ಇರುವ ಜಪಾನಿ ಅಕ್ಷರ ಆತ ಓದಲು ಬರದೆಯೇ, ಚೆಂದ ಕಂಡವೆಂದು ಬೇರೆ ಚಿತ್ರಗಳಿಂದ ನೋಡಿ ಬರೆದದ್ದು ಎಂದು ಹೇಳಿದಾಗ ಮಾತ್ರ ಹುಬ್ಬು ಏರಿಸಿದರು. "ಓದಾಕ ಬರಂಗಿಲ್ಲ, ಬರ್ದಾನ! ಎಂಥಾ ಧೈರ್ಯ!"

ಆದರೆ ಆ ಚಿತ್ರಗಳನ್ನು ನನಗೆ ತಿರುಗಿ ಕೊಡಲಿಲ್ಲ. ತಮ್ಮ ಮಗ್ಗದ ಎದುರಿನ ಗೋಡೆಗೆ ಗಂಜಿ ಹಚ್ಚಿ ಅಂಟಿಸಿದರು. ಲಾಳಿ ಎಸೆಯುವುದು, ತಲೆ ಎತ್ತಿ ನೋಡುವುದು, ಮತ್ತೆ ಎಸೆಯುವುದು. ನಾಲ್ಕು ದಿನ ಇದೇ ಆಯಿತು. ಐದನೆಯ ದಿನ ಊಟಕ್ಕೆ ಕುಳಿತವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಇಂವಾ ಕೆಡ್ಸಿಲ್ಲ ಬಿಡ. ಸೇತುವಿ ಮ್ಯಾಲಿನ ಮಂದಿನೆಲ್ಲಾ ಎಣಿಸಿ ತಂದಾನ, ಒಬ್ಬರ್ನೂ ಮಳ್ಯಾಗ ಬಿಟ್ಟ ಬಂದಿಲ್ಲ. ಬಣ್ಣ ಅಷ್ಟ ತನ್ನೂರಿಂದು" ಅಂದರು. ಅತ್ತೆಯವರಿಗೆ ತಲೆಬುಡ ತಿಳಿಯಲಿಲ್ಲ. ಇದು ನಿಮ್ಮ ಅಲೆಯ ದಡಿಯ ಮಾತೆಂದು ನನಗೆ ತಿಳಿದು, ಎದ್ದು ಒಳಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ.

ಆ ಮೇಲೆ ಮುರಗೆಪ್ಪ ಮಗ್ಗ ಒಯ್ಯಲು ಬಂಡಿ ಹೂಡಿಕೊಂಡು ಬಂದ. "ಮಗ್ಗ ಖಾಲಿ ಇಲ್ಲೋ, ಹೋಗ" ಎಂದು ಮಾವನವರು ಬಾಗಿಲಲ್ಲೇ ಕಳಿಸಿದರು. ಅದು ಖಾಲಿಯೇ ಇತ್ತು, ಜೇಡ ಬಲೆ ಕಟ್ಟಿತ್ತು! ಅಂದೇ ಮಧ್ಯಾಹ್ನ ಧೂಳು ಝಾಡಿಸಿ ನಿಮ್ಮ ಮಗ್ಗದ ಕುಣಿಯಲ್ಲಿ ತಾವೇ ಕಾಲಿಳಿಸಿ ಕುಳಿತರು. ಕತ್ತರಿಸಿದ ಆ ಅರ್ಧ ಸೀರೆಯನ್ನು ನಾನು ಎಲ್ಲಿ ಮುಚ್ಚಿಟ್ಟಿದ್ದೆನೋ ಅದೂ ಅವರಿಗೆ ಗೊತ್ತಿತ್ತು ನೋಡಿರಿ, ನೆಟ್ಟಗೆ ಹೋಗಿ ಪೆಟ್ಟಿಗೆ ತೆರೆದು ತಂದರು. ಅದನ್ನೇ ನೋಡಿಕೊಂಡು ಹೊಸ ಸೀರೆ ನೆಯ್ದರು. ಕೆಳಗೆ ನಿಮ್ಮ ಅಲೆ, ಅದರ ಮೇಲೆ ಅಜ್ಜನ ಗೋಪುರ. ಹೊಳೆಯ ದಂಡೆಯ ಗುಡಿಯ ಹಾಗೆ ಕಾಣುತ್ತದೆ. ನಿನ್ನೆ ಮಗ್ಗದಿಂದ ಇಳಿಸಿ ನನ್ನ ಕೈಗೆ ಕೊಟ್ಟರು.

ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಬೇಕಂತೆ. ಮಾವನವರು, ನಾನು ಬರೆಯಲು ಕುಳಿತಾಗ, ಮಸಿ ದೌತಿಯನ್ನು ನನ್ನ ಹತ್ತಿರ ಸರಿಸಿ ಹೋದರು.

ನಿಮ್ಮ ದಾರಿ ನೋಡುತ್ತಿರುವ,
ರತ್ನಾ

ತಾ. ಕ.: ಟಪಾಲಿನವನು ಕಟ್ಟೆಯ ಮೇಲೆ ಕಾಯುತ್ತಿದ್ದಾನೆ, ಓಡಿಸಿ ಬರೆಯುತ್ತೇನೆ. ಆ ಸೀರೆಯ ಸೆರಗಿನಲ್ಲಿ ಮಾವನವರು ನಿಮ್ಮ ಹೆಸರು ನೆಯ್ದಿದ್ದಾರೆ. ನೆಯ್ಯುವ ಮೊದಲು, ನಿಮ್ಮ ಪತ್ರದ ಲಕೋಟೆಯ ಮೇಲೆ ಅದು ಯಾವುದೆಂದು ಬೆರಳಿಟ್ಟು ತೋರಿಸು ಎಂದಿದ್ದರು, ತೋರಿಸಿದ್ದೆ. ಯಾಕೆಂದು ಆಗ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಸೆರಗಿನ ಮುಂಬದಿ ಕೆಳಗೆ, ಹಿಂಬದಿ ಮೇಲೆ ಬರುವಂತೆ ನೇಯುವುದಲ್ಲವೇ. ಹೂವು, ಗೋಪುರ ಹೇಗೆ ಮಗುಚಿದರೂ ಒಂದೇ, ಅಕ್ಷರ ಹಾಗಲ್ಲ ಎಂಬುದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ಸೀರೆ ತಿರುವಿ ಹಾಸಿದರೆ ಅಷ್ಟೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ! "ಓದ ಯವ್ವಾ, ಬರೋಬರಿ ಐತೇನ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಗಂಡನ ಹೆಸರು ಹೇಳಲು ನಾಚಿದಳೆಂದು ತಿಳಿದು, "ಗೊತ್ತಾತು ಬಿಡ" ಎಂದು ನಕ್ಕರು. ಎಷ್ಟು ತಿಂಗಳ ಮೇಲೆ ನಕ್ಕರು ಗೊತ್ತೇ! ಮುರಗೆಪ್ಪ ಓದಿದವನು, ನೋಡಿದರೆ ಬಾಯಿ ಮುಚ್ಚಿಕೊಂಡು ಇರುವವನಲ್ಲ. ಅದಕ್ಕೇ ಸೀರೆ ಉಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಗಿಸಿಕೊಂಡೇ ತಿರುಗುತ್ತಿದ್ದೇನೆ. ಎಷ್ಟು ದಿನ ಹೀಗೆ ಸಿಗಿಸಿಕೊಳ್ಳಲಿ? ಬನ್ನಿರಿ. ಹೇಳಬಾರದ ಹೆಸರು ನನ್ನ ಬಾಯಿಂದ ಬರುವುದಿಲ್ಲ. ನೀವೇ ಬಂದು, ನಿಮ್ಮ ಅಪ್ಪನೆದುರು ಆ ಸೆರಗು ಹಿಡಿದು ಗಟ್ಟಿಯಾಗಿ ಓದಿರಿ, ಬರೋಬರಿ ಇದೆ ಎಂದು ಹೇಳಿರಿ.