ಸಾಲಿನ ಕೊನೆಯ ನಡೆ

ನವೆಂಬರ್ 11

ಪ್ರೀತಿಯ ಅಕ್ಕ,

ನಿನ್ನ ಮೂರು ಪತ್ರಗಳೂ ಮೇಜಿನ ಮೇಲೆ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ತಡವಾಯಿತು, ಬೈಯಬೇಡ. ಬೈದರೂ ಸರಿಯೇ, ನನ್ನನ್ನು ಬೈಯಲು ಈಗ ಉಳಿದವಳು ನೀನೊಬ್ಬಳೇ.

ಸುದ್ದಿ ಅಂದರೆ, ನನ್ನ ಚೆಸ್ ಎಂಜಿನ್, ಅದೇ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಸರಿಹೋಯಿತು. ನಿನಗೆ ಈ ಪುರಾಣ ಬೇಡ, ಗೊತ್ತು. ಆದರೂ ಕೇಳು. ಪ್ರತಿ ಸರದಿಯಲ್ಲೂ ಅದು ಆಡಬಹುದಾದ ನಡೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಮೊದಲ ಮೂರ್ನಾಲ್ಕನ್ನು ಆಳವಾಗಿ ಪರೀಕ್ಷಿಸಿ, ಕೊನೆಯವನ್ನು ಮೇಲೆ ಮೇಲೆ ನೋಡಿ ದಾಟಿಬಿಡುತ್ತದೆ. ಸಮಯ ಉಳಿಯುವುದೇ ಹಾಗೆ. ಕೊನೆಯವನ್ನು ಹಾಗೆ ಕತ್ತರಿಸಿ ಬಿಡುವುದನ್ನು ನಾನು ಅತಿ ಮಾಡಿದ್ದೆ, ಒಳ್ಳೆಯ ನಡೆಗಳೂ ತಪ್ಪಿಹೋಗುತ್ತಿದ್ದವು.

ಅಪ್ಪ ಅದನ್ನು ಆಗಲೇ ಹಿಡಿದಿದ್ದರು, ನೆನಪಿದೆಯಾ? ನಿಮ್ಮ ಊಟದ ಮೇಜಿನ ಹತ್ತಿರ ಕೂತು ಎಂಜಿನ್ ಜೊತೆ ಆಡುತ್ತಾ, ರಾಜನನ್ನು ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿಸಿ ಗೆದ್ದರಲ್ಲ. ಎಂಜಿನ್ ಸಾಲಿನ ಕೊನೆಗೆ ತಳ್ಳಿ, ಸರಿಯಾಗಿ ನೋಡದೆ ಬಿಟ್ಟ ನಡೆ ಅದು. "ಸದ್ದು ಮಾಡದ ನಡೆ ಅಂದ್ರೆ ನಿನ್ನ ಯಂತ್ರಕ್ಕೆ ಸಸಾರ ಕಣೇ. ಮೂವತ್ತು ವರ್ಷ ಬಸ್ ಓಡಿಸಿದೀನಿ, ಕೊನೇಲಿ ಓಡಿ ಬಂದು ಹತ್ತೋನಿಗೇ ಹೆಚ್ಚು ತುರ್ತು ಇರುತ್ತೆ" ಅಂದರು. "ನಿಮ್ಮ ಬಸ್ಸೇ ಬೇರೆ, ಇದೇ ಬೇರೆ ಅಪ್ಪ" ಅಂತ ನಾನು ನಕ್ಕಿದ್ದೆ.

ಹೋದ ವಾರ, ರಾಜ ಅಪಾಯದಲ್ಲಿದ್ದರೆ ಕೊನೆಯ ನಡೆಯನ್ನೂ ಪೂರ್ತಿ ನೋಡುವಂತೆ ತಿದ್ದಿದೆ. ಹಳೆಯದರ ಎದುರು ನಲವತ್ತು ಸಾವಿರ ಆಟ ಆಡಿಸಿದೆವು. ಹೊಸದೇ ಗೆದ್ದಿತು. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈ ತೊಳೆಯುವ ನೆಪದಲ್ಲಿ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ.

ಮೂರೂ ಪತ್ರದಲ್ಲಿ ನಿನ್ನದು ಒಂದೇ ಮಾತು: "ಅವತ್ತು ನಾನು ಹಾಲಿಗೆ ಅಂತ ಹೊರಗೆ ಹೋಗದೆ ಇದ್ದಿದ್ರೆ ಅಪ್ಪ ಉಳೀತಿದ್ರು. ಪಾಪ, ಹೇಳ್ಕೊಳ್ಳೋಕೂ ಅವರಿಗೆ ಯಾರೂ ಇರ್ಲಿಲ್ಲ." ಓದಿ ಮಡಿಸಿಟ್ಟು, ಮತ್ತೆ ಬಿಚ್ಚಿ ಓದುತ್ತೇನೆ. ಹಾಗೆ ಬರೆಯಬೇಡ ಅಕ್ಕ. ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ನೂರ್ಕಾಲ ಚೆನ್ನಾಗಿರಲಿ.

ನಿನ್ನ
ಬಾಲಂಗೋಚಿ

ಮರೆತದ್ದಲ್ಲ, ಬರೆಯಲಾರದೆ ಕೊನೆಗೆ ಉಳಿಸಿಕೊಂಡದ್ದು: ಅವತ್ತು ನೀನು ಬಾಗಿಲು ಎಳೆದುಕೊಂಡು ಹೋದ ಮೇಲೆ ಅಪ್ಪ ನನಗೆ ಫೋನ್ ಮಾಡಿದ್ದರು. ಅಡುಗೆಮನೆ ನಲ್ಲಿ ಸೋರುವುದು, ನಿನ್ನ ಚಿಕ್ಕವನ ಹಲ್ಲು ಬಿದ್ದದ್ದು, ನಿನ್ನ ಹೊಸ ಕನ್ನಡಕ, ಎಲ್ಲ ಹೇಳಿದರು. ಮುಖ್ಯವಾದದ್ದನ್ನು ಅವರು ಯಾವಾಗಲೂ ಕೊನೆಗೇ ಹೇಳುತ್ತಿದ್ದರು, ನಮ್ಮಿಬ್ಬರಿಗೂ ಗೊತ್ತಿತ್ತು. "ಇನ್ನೊಂದು ವಿಷ್ಯ ಮಗಳೇ, ಬೆಳಗ್ಗೆಯಿಂದ ಎದೆ ಸ್ವಲ್ಪ..." ಅಂದರು. ನನ್ನ ಕಣ್ಣು ಕಂಪ್ಯೂಟರಿನ ಮೇಲಿತ್ತು. "ಆಮೇಲೆ ಮಾಡ್ತೀನಿ ಅಪ್ಪ" ಅಂತ ಇಟ್ಟುಬಿಟ್ಟೆ. ಹೇಳಿಕೊಳ್ಳಲು ಅವರಿಗೆ ನಾನಿದ್ದೆ ಅಕ್ಕ. ನೀನು ಹಾಲಿಗೆ ಹೋದದ್ದಕ್ಕೆ ಇನ್ನು ಅಳಬೇಡ.